ಆಂಗ್ಲರ ಹಡಗು, ಇಟಲಿಯವರ ಹಡಗು

ವಿಲಾಯತಿಗೆ ಹೋಗುವುದೆಂದರೆ ಈ ಕಾಲದಲ್ಲಿ ಒಂದು ರಾತ್ರಿಯ ನಿದ್ದೆಗೇಡು, ಅಷ್ಟೆ. ಬೆಂಗಳೂರಿನಲ್ಲಿ ವಿಮಾನವೇರಿದವರು ಹತ್ತು ಹನ್ನೊಂದು ಗಂಟೆಯೊಳಗೆ ಲಂಡನ್ನಿನಲ್ಲಿ ಇಳಿದಿರುತ್ತಾರೆ. ಯಾವ ಕಂಪನಿಯ ವಿಮಾನವೆಂದು ವಿಚಾರಿಸುವವರೂ ಟಿಕೇಟಿನ ದರ ನೋಡಿ ಸುಮ್ಮನಾಗುತ್ತಾರೆ. ನಮ್ಮ ಹಿರಿಯರ ಕಾಲ ಹಾಗಿರಲಿಲ್ಲ. ಮುಂಬಯಿಯ ಬಲ್ಲಾರ್ಡ್ ಪಿಯರಿನಲ್ಲಿ ಹಡಗು ಹತ್ತಿದರೆ ಯೂರೋಪಿನ ನೆಲ ಮುಟ್ಟಲು ಎರಡು ಮೂರು ವಾರ. ಅಷ್ಟು ದಿನವೂ ಉಣ್ಣುವುದು, ಮಲಗುವುದು, ಸ್ನೇಹ ಬೆಳೆಸುವುದು, ಮುನಿಯುವುದು ಎಲ್ಲವೂ ಆ ಹಡಗಿನಲ್ಲೇ. ಆದಕಾರಣ "ಯಾವ ಕಂಪನಿಯ ಹಡಗು?" ಎಂಬ ಪ್ರಶ್ನೆಗೆ "ಯಾವ ಮನೆಗೆ ಹೆಣ್ಣು ಕೊಟ್ಟಿರಿ?" ಎಂಬ ಪ್ರಶ್ನೆಯಷ್ಟೇ ತೂಕವಿತ್ತು.

ಮುಂಬಯಿಯಿಂದ ಯೂರೋಪಿಗೆ ಹೊರಡುವ ಹಡಗುಗಳು ಹಲವು ಕಂಪನಿಗಳವು. ಆದರೆ ಮನೆಮಾತಾಗಿದ್ದವು ಎರಡು. ಒಂದು ಆಂಗ್ಲರ ಪಿ ಅಂಡ್ ಓ. ಇನ್ನೊಂದು ಇಟಲಿಯ ಲಾಯ್ಡ್ ಟ್ರಿಯೆಸ್ಟೀನೋ. ವಯಸ್ಸಿನಲ್ಲಿ ಇವು ಹೆಚ್ಚುಕಡಿಮೆ ಓರಗೆಯವು. ಟ್ರಿಯೆಸ್ಟ್ ಬಂದರಿನ ಲಾಯ್ಡ್ ಹುಟ್ಟಿದ್ದು 1836ರಲ್ಲಿ, ಆ ಊರು ಆಸ್ಟ್ರಿಯಾ ಚಕ್ರಾಧಿಪತ್ಯಕ್ಕೆ ಸೇರಿದ್ದಾಗ. ಮೊದಲನೆಯ ಮಹಾಯುದ್ಧದಲ್ಲಿ ಆಸ್ಟ್ರಿಯಾ ಸೋತು ಊರು ಇಟಲಿಯ ಪಾಲಾದ ಮೇಲೆ ಕಂಪನಿಗೂ ಇಟಲಿಯ ಹೆಸರು ಬಂದಿತು. ಪಿ ಅಂಡ್ ಓ ಕಂಪನಿಗೆ ಸರ್ಕಾರದ ಅಂಚೆ ಸಾಗಿಸುವ ಗುತ್ತಿಗೆ ದೊರೆತದ್ದು 1837ರಲ್ಲಿ, ರಾಜಸನ್ನದು ದೊರೆತದ್ದು 1840ರಲ್ಲಿ. ದಾರಿಯೂ ಪೋರ್ಟ್ ಸೈದಿನವರೆಗೆ ಇಬ್ಬರದೂ ಒಂದೇ: ಅರಬ್ಬೀ ಸಮುದ್ರ, ಏಡನ್, ಬೇಗೆಯ ಕೆಂಪು ಸಮುದ್ರ, ಸುಯೆಜ್ ಕಾಲುವೆ. ಅಲ್ಲಿಂದ ಮುಂದೆ ಆಂಗ್ಲರ ಹಡಗು ಮಾರ್ಸೇಲ್ಸ್, ಜಿಬ್ರಾಲ್ಟರ್ ದಾಟಿ ಲಂಡನ್ನಿನ ಕಡೆಗೆ ಮೂತಿ ತಿರುಗಿಸುತ್ತಿತ್ತು. ಇಟಲಿಯವರದು ತಮ್ಮ ತಾಯ್ನಾಡಿನ ಬ್ರಿಂಡಿಸಿ, ವೆನಿಸ್, ನೇಪಲ್ಸ್, ಜಿನೋವಾಗಳಲ್ಲಿ ಜನರನ್ನು ಇಳಿಸಿ ರೈಲಿಗೆ ಒಪ್ಪಿಸುತ್ತಿತ್ತು.

ದಾರಿ ಒಂದೇ ಆದರೂ ಒಳಗಿನ ಲೋಕ ಬೇರೆ. ಆಂಗ್ಲರ ಹಡಗು ನೀರಿನ ಮೇಲೆ ತೇಲುವ ಒಂದು ಕಲೆಕ್ಟರ ಕಚೇರಿ. ಹೊಸದಾಗಿ ನೇಮಕವಾದ ಸಿವಿಲಿಯನ್ನರು, ರಜೆಯ ಮೇಲೆ ಹೊರಟ ಸೇನಾಧಿಕಾರಿಗಳು, ಮಕ್ಕಳನ್ನು ಶಾಲೆಗೆ ಬಿಡಲು ಹೊರಟ ದೊರೆಸಾನಿಯರು ಇವರೇ ಅದರ ಪ್ರಜೆಗಳು. ರಾತ್ರಿಯ ಭೋಜನಕ್ಕೆ ಕಹಳೆ ಊದುತ್ತಿದ್ದರು. ಊಟಕ್ಕೆ ಬೇರೆ ಉಡುಪು, ಮೇಜಿನಲ್ಲಿ ಅಂತಸ್ತಿಗೆ ತಕ್ಕ ಸ್ಥಾನ. ಬೆಳಗಿನ ಹನ್ನೊಂದು ಗಂಟೆಗೆ ಡೆಕ್ಕಿನ ಮೇಲೆ ಆರಾಮಕುರ್ಚಿಗಳ ನಡುವೆ ಬಿಸಿ ಬಿಸಿಯಾಗಿ ಹಂಚುತ್ತಿದ್ದುದು ಗೋಮಾಂಸದ ಸಾರು! ಮಡಿಯ ಮನೆಯಿಂದ ಮೊದಲ ಬಾರಿಗೆ ಕಡಲಿಗಿಳಿದ ಹುಡುಗನ ಸ್ಥಿತಿಯನ್ನು ಓದುಗರೇ ಊಹಿಸಿಕೊಳ್ಳಲಿ.

ಊಹೆಯೇಕೆ, ಅಂತಹ ಒಬ್ಬ ಹುಡುಗನ ವೃತ್ತಾಂತ ನಮಗೆ ಚೆನ್ನಾಗಿ ತಿಳಿದೇ ಇದೆ. 1888ರ ಸೆಪ್ಟೆಂಬರ್ 4ರಂದು ಪಿ ಅಂಡ್ ಓ ಕಂಪನಿಯ 'ಕ್ಲೈಡ್' ಹಡಗಿನಲ್ಲಿ ಮೋಹನದಾಸ ಗಾಂಧಿ ಮುಂಬಯಿಯನ್ನು ಬಿಟ್ಟರು. ವಯಸ್ಸು ಹತ್ತೊಂಬತ್ತು ತುಂಬಿರಲಿಲ್ಲ. ಸಮುದ್ರಯಾನ ಮಾಡಬಾರದೆಂದು ಜಾತಿಯ ಪಂಚಾಯಿತಿ ಬಹಿಷ್ಕಾರ ಹಾಕಿತ್ತು. ಬೀಳ್ಕೊಡಲು ಹೋದವರಿಗೂ ಒಂದು ರೂಪಾಯಿ ನಾಲ್ಕಾಣೆ ದಂಡ. ಹಡಗಿನಲ್ಲಿ ಯಾವ ಭಕ್ಷ್ಯದಲ್ಲಿ ಮಾಂಸವಿದೆ, ಯಾವುದರಲ್ಲಿಲ್ಲ ಎಂದು ಕೇಳಲು ನಾಲಗೆ ಏಳದು. ಚಮಚ ಮುಳ್ಳುಗಳ ಪ್ರಯೋಗ ಬಾರದು. ಪರಿಣಾಮವಾಗಿ ಊಟದ ಮನೆಗೆ ಹೋಗದೆ ಕ್ಯಾಬಿನ್ನಿನಲ್ಲೇ ಕುಳಿತು, ಮನೆಯಿಂದ ತಂದಿದ್ದ ಸಿಹಿತಿಂಡಿ ಹಣ್ಣುಗಳಲ್ಲಿ ದಿನ ದೂಡಿದುದನ್ನು ಅವರೇ ಆತ್ಮಕಥೆಯಲ್ಲಿ ಬರೆದಿದ್ದಾರೆ. ಇದರಲ್ಲಿ ಹಡಗಿನವರ ತಪ್ಪೇನೂ ಇದ್ದಂತಿಲ್ಲ. ಆದರೆ ಸಂಕೋಚವೆಂಬುದು ಗಾಳಿಯಂತೆ. ಯಾರೂ ಬೀಸಬೇಕಾಗಿಲ್ಲ, ತಾನೇ ಬೀಸುತ್ತದೆ. ಆಳುವವರ ನಡುವೆ ಆಳಿಸಿಕೊಳ್ಳುವವನು ಚಮಚ ಹಿಡಿಯಲೂ ಅಂಜುತ್ತಾನೆ.

ಇಟಲಿಯ ಹಡಗಿನಲ್ಲಿ ಈ ಅಂಜಿಕೆಗೆ ಅರ್ಧ ಕಾರಣವೇ ಇರಲಿಲ್ಲ. ಅಲ್ಲಿನ ನಾವಿಕನಿಗೂ ಪರಿಚಾರಕನಿಗೂ ನಾವು ಪ್ರಜೆಗಳಲ್ಲ, ಗಿರಾಕಿಗಳು. ಇನ್ನೊಂದು ಭೇದವುಂಟು, ನನ್ನ ಮಟ್ಟಿಗೆ ಅದೇ ಮುಖ್ಯವಾದುದು. ಆಂಗ್ಲರ ಹಡಗಿನಲ್ಲಿ ಅಧಿಕಾರಿಗಳೆಲ್ಲ ಬಿಳಿಯರು; ಹಗ್ಗ ಎಳೆಯುವವರು, ಕಲ್ಲಿದ್ದಲು ಸುರಿಯುವವರು, ಬಡಿಸುವವರು ಬಹುಮಟ್ಟಿಗೆ ನಮ್ಮವರು. ಡೆಕ್ಕಿನ ಕೆಲಸಕ್ಕೆ ಕೊಂಕಣ ಮತ್ತು ಗುಜರಾತಿನ ಖಲಾಸಿಗಳು, ಅವರ ಮೇಲೆ ಸಾರಂಗ, ಅವನ ಕೈಕೆಳಗೆ ತಾಂಡೇಲ. ಊಟದ ಮನೆಗೆ ಗೋವೆಯವರು. ಗೋವೆಯ ಪ್ರತಿಯೊಂದು ಹಳ್ಳಿಯ ನಾವಿಕರೂ ಹಡಗು ಸಿಗುವ ತನಕ ತಂಗಲೆಂದು ಮುಂಬಯಿಯ ಧೋಬಿ ತಲಾವ್ ಸುತ್ತಮುತ್ತ 'ಕೂಡ್' ಎಂಬ ಬಿಡಾರಗಳನ್ನು ನಡೆಸುತ್ತಿದ್ದರು. ಇಟಲಿಯ ಹಡಗಿನಲ್ಲಿಯಾದರೋ ಬಡಿಸುವವನೂ ಬಿಳಿಯನೇ. ಭಾರತದಲ್ಲಿ ಬಿಳಿಯನೆಂದರೆ ಎದ್ದು ನಿಲ್ಲುವುದನ್ನು ಕಲಿತ ವಿದ್ಯಾರ್ಥಿಯ ಮುಂದೆ, ಅಂತಹ ಬಿಳಿಯನೊಬ್ಬನು ತಟ್ಟೆ ಹಿಡಿದು ಬಾಗಿ ನಿಂತರೆ ಮನಸ್ಸಿನಲ್ಲಿ ಏನೋ ಸಡಿಲವಾಗದೆ ಇರಲಾರದು. ಹಾಗೆಂದು ಇಟಲಿಯನ್ನು ಹೊಗಳಿ ಮುಗಿಸುವಂತಿಲ್ಲ. ಆ ಧ್ವಜದ ಹಿಂದೆ ಮುಸೊಲೀನಿ ಇದ್ದ ಕಾಲ ಅದು. ಆಂಗ್ಲರ ಹಡಗುಗಳು ಎಷ್ಟೋ ಸಾವಿರ ಗೋವೆ ಕೊಂಕಣದ ಮನೆಗಳಲ್ಲಿ ಒಲೆ ಹೊತ್ತಿಸಿದವೆಂಬುದೂ ಸುಳ್ಳಲ್ಲ.

ಹಡಗಿನ ಬಿಡುವು ಕೆಲವರಿಗೆ ಇಸ್ಪೀಟು, ಕೆಲವರಿಗೆ ಆಕಳಿಕೆ. ಒಂದೇ ಕುಟುಂಬದ ಇಬ್ಬರಿಗೆ ಮಾತ್ರ ಅದು ಮತ್ತೇನೋ ಆಯಿತು. 1921ರಲ್ಲಿ ಸಿ. ವಿ. ರಾಮನ್ ಅವರು ಕಲ್ಕತ್ತೆ ವಿಶ್ವವಿದ್ಯಾನಿಲಯದ ಪ್ರತಿನಿಧಿಯಾಗಿ ಆಕ್ಸ್‌ಫರ್ಡಿಗೆ ಹೋಗಿ ಪಿ ಅಂಡ್ ಓ ಕಂಪನಿಯ 'ನಾರ್ಕುಂಡಾ' ಹಡಗಿನಲ್ಲಿ ಮರಳಿದರು. ಸಮುದ್ರದ ನೀಲಿ ಆಕಾಶದ ಪ್ರತಿಬಿಂಬವಷ್ಟೆ ಎಂದು ಲಾರ್ಡ್ ರ‍್ಯಾಲೇ ಹೇಳಿದ್ದರು. ಭೂಮಧ್ಯ ಸಮುದ್ರದ ಗಾಢವಾದ ನೀಲಿಯನ್ನು ಕಣ್ಣಾರೆ ಕಂಡ ರಾಮನ್ನರಿಗೆ ಆ ಮಾತು ಒಪ್ಪಿಗೆಯಾಗಲಿಲ್ಲ. ಕೈಯಲ್ಲೊಂದು ನಿಕೋಲ್ ಪಟ್ಟಕ. ಅದನ್ನು ತಕ್ಕ ಕೋನದಲ್ಲಿ ಹಿಡಿದು ಅಲೆಗಳ ಮೇಲ್ಮೈಯ ಪ್ರತಿಫಲನವನ್ನು ಅಳಿಸಿ ನೋಡಿದರು. ನೀಲಿ ಮಾಯವಾಗುವ ಬದಲು ಇನ್ನಷ್ಟು ದಟ್ಟವಾಯಿತು! ನೀರಿನ ಕಣಗಳೇ ಬೆಳಕನ್ನು ಚೆದರಿಸುತ್ತವೆಂಬ ಆ ವಿಚಾರವನ್ನು ಬರೆದು, ಹಡಗು ಮುಂಬಯಿ ಬಂದರನ್ನು ಸೇರುತ್ತಲೇ ಸೆಪ್ಟೆಂಬರ್ 26ರ ತಾರೀಖು ಹಾಕಿ 'ನೇಚರ್' ಪತ್ರಿಕೆಗೆ ಕಳುಹಿಸಿದರು. 1928ರ ಫೆಬ್ರುವರಿ 28ರ ಶೋಧಕ್ಕೆ ದಾರಿ ತೊಡಗಿದ್ದು ಅಲ್ಲಿಂದ. ನಮ್ಮ ಬೆಂಗಳೂರಿಗೆ ಅವರು ಬಂದದ್ದು 1933ರಲ್ಲಿ.

ರಾಮನ್ನರ ಅಣ್ಣನ ಮಗ ಎಸ್. ಚಂದ್ರಶೇಖರ್ ಹತ್ತೊಂಬತ್ತರ ಹರೆಯದಲ್ಲಿ ಕೇಂಬ್ರಿಜ್ಜಿಗೆಂದು ಮುಂಬಯಿಯನ್ನು ಬಿಟ್ಟದ್ದು 1930ರ ಜುಲೈ 31ರಂದು, ಲಾಯ್ಡ್ ಟ್ರಿಯೆಸ್ಟೀನೋದ 'ಪಿಲ್ಸ್ನಾ' ಹಡಗಿನಲ್ಲಿ. ತಾಯಿ ಗುಣವಾಗದ ಕಾಯಿಲೆಯಲ್ಲಿ ಮಲಗಿದ್ದರು. ಮಗನನ್ನು ಹೋಗೆಂದು ಒತ್ತಾಯಿಸಿದವರೂ ಅವರೇ. ಮುಂಗಾರಿನ ಸಮುದ್ರ, ಮೊದಲ ಕೆಲವು ದಿನ ಹಡಗು ತೊನೆದಾಡಿ ಪ್ರಯಾಣಿಕರೆಲ್ಲ ಕಂಗೆಟ್ಟರು. ಏಡನ್ ಕಳೆದು ಕಡಲು ತಿಳಿಯಾದ ಮೇಲೆ ಆ ತರುಣ ಕಾಗದ ಪೆನ್ಸಿಲು ಹಿಡಿದು ಕುಳಿತ. ಉರಿದು ಮುಗಿದ ನಕ್ಷತ್ರವು ಶ್ವೇತಕುಬ್ಜವಾಗಿ ನಿಲ್ಲಲು ಅದರ ದ್ರವ್ಯರಾಶಿಗೊಂದು ಮೇಲ್ಮಿತಿಯುಂಟೆಂಬ ಲೆಕ್ಕ ಅಲ್ಲಿ ಮೂಡಿತು. ಇಂದು ಅದನ್ನು ಸೂರ್ಯನ ಸುಮಾರು 1.4ರಷ್ಟೆಂದು ಹೇಳುತ್ತಾರೆ. ಮರುವರ್ಷವೇ ತಾಯಿ ತೀರಿಕೊಂಡರು, ಮಗ ದೂರದೇಶದಲ್ಲಿದ್ದ. ನೊಬೆಲ್ ಬಹುಮಾನ ಬಂದದ್ದು 1983ರಲ್ಲಿ. ಚಿಕ್ಕಪ್ಪನಿಗೆ ಆಂಗ್ಲರ ಹಡಗು, ಮಗನಿಗೆ ಇಟಲಿಯ ಹಡಗು: ಎರಡೂ ಕಂಪನಿಗಳು ತಮ್ಮ ಜಾಹೀರಾತಿನಲ್ಲಿ ಹಾಕಿಕೊಳ್ಳಬಹುದಾಗಿದ್ದ ಸಂಗತಿ!

ಎರಡೂ ಕಂಪನಿಗಳ ಸೇವೆಯನ್ನು ಒಂದೇ ಯಾತ್ರೆಯಲ್ಲಿ ಕಂಡವರಲ್ಲಿ ಗಾಂಧೀಜಿ ಒಬ್ಬರು. 1931ರ ಆಗಸ್ಟ್ 29ರಂದು ದುಂಡುಮೇಜಿನ ಪರಿಷತ್ತಿಗೆ ಅವರು ಹೊರಟದ್ದು ಪಿ ಅಂಡ್ ಓ ಕಂಪನಿಯ 'ರಜಪುತಾನಾ'ದಲ್ಲಿ, ಎರಡನೆಯ ತರಗತಿಯಲ್ಲಿ. ಕ್ಯಾಬಿನ್ನಿನಲ್ಲಿ ಅಡಗಿದ್ದ ಹುಡುಗ ಈಗ ಕ್ಯಾಬಿನ್ನನ್ನೇ ಬಿಟ್ಟು ಡೆಕ್ಕಿನ ಒಂದು ಮೂಲೆಯಲ್ಲಿ ಹಾಸಿಕೊಂಡು ಮಲಗಿದರು. ಅಲ್ಲೇ ಚರಖಾ, ಅಲ್ಲೇ ಪ್ರಾರ್ಥನೆ. ಆಂಗ್ಲರ ಮಕ್ಕಳು ಸುತ್ತ ಕೂಡಿದರು. ಜೊತೆಗಿದ್ದ ಮಾಲವೀಯರು ಗಂಗಾಜಲವನ್ನು ಹೊತ್ತು ತಂದಿದ್ದರು. ಮಹಾದೇವ ದೇಸಾಯಿ ಮೊದಲಾದವರು ಸ್ನೇಹಿತರು ಕೊಟ್ಟ ಪೆಟ್ಟಿಗೆಗಳನ್ನೆಲ್ಲ ಹೊತ್ತು ತಂದು ಬೈಸಿಕೊಂಡರು. ಹೆಚ್ಚಿನ ಪೆಟ್ಟಿಗೆಗಳು ಏಡನ್ನಿನಿಂದಲೇ ಮುಂಬಯಿಗೆ ವಾಪಸಾದವು. ಸೆಪ್ಟೆಂಬರ್ 11ರಂದು ಮಾರ್ಸೇಲ್ಸ್.

ಮರಳುವಾಗ ಡಿಸೆಂಬರ್ 14ರಂದು ಬ್ರಿಂಡಿಸಿಯಲ್ಲಿ ಹತ್ತಿದ್ದು ಇಟಲಿಯ ಹಡಗು, ಅದೇ 'ಪಿಲ್ಸ್ನಾ'. ಈ ಸಲ ಡೆಕ್ಕಿನ ಟಿಕೇಟು, ತಲೆಗೆ ಹತ್ತು ಪೌಂಡು. ಸ್ವಿಟ್ಜರ್ಲೆಂಡಿನಿಂದ ಬೀಳ್ಕೊಡಲು ಜೊತೆಗೆ ಬಂದಿದ್ದ ಪ್ರಿವಾ ದಂಪತಿಗಳು ಭಾರತವನ್ನು ನೋಡುವಾಸೆಯಿದ್ದರೂ ಕೈಯಲ್ಲಿ ಹಣವಿಲ್ಲವೆಂದಾಗ, ನೀವು ಮೇಲಿನ ತರಗತಿಗಳ ಲೆಕ್ಕ ಹಾಕುತ್ತಿರಬೇಕೆಂದು ಹೇಳಿ ಗಾಂಧೀಜಿ ಈ ಹತ್ತು ಪೌಂಡಿನ ದಾರಿಯನ್ನು ತೋರಿಸಿದರಂತೆ. ದಂಪತಿಗಳು ಹಣದ ಚೀಲ ಎಣಿಸಿ ನೋಡಿ ಹೊರಟೇ ಬಿಟ್ಟರು. ಡಿಸೆಂಬರ್ 28ಕ್ಕೆ ಮುಂಬಯಿ. ಒಂದು ವಾರ ಕಳೆದು 1932ರ ಜನವರಿ 4ರಂದು ಗಾಂಧೀಜಿಗೆ ಸೆರೆಮನೆ. ಹಡಗು ಯಾವುದಾದರೇನು, ಇಳಿಯುವ ಜಾಗದಲ್ಲಿ ಸರ್ಕಾರ ಒಂದೇ ಆಗಿತ್ತು.

ಸ್ವಾತಂತ್ರ್ಯ ಬಂದ ಮೇಲೆ ಕಹಳೆಯ ಬಿಗಿ ತಾನಾಗಿಯೇ ಕುಗ್ಗಿತು. ನಮ್ಮ ಸೋದರಮಾವನವರು 1955ರಲ್ಲಿ ಪಿ ಅಂಡ್ ಓ ಕಂಪನಿಯ 'ಸ್ಟ್ರಾತ್‌ಮೋರ್' ಹಡಗಿನಲ್ಲಿ ಹೋಗಿ, 1958ರಲ್ಲಿ ಇಟಲಿಯ 'ಏಷಿಯಾ'ದಲ್ಲಿ ಮರಳಿದವರು. ಅವರನ್ನು ಕೇಳಿದರೆ ರಾಜಕೀಯ ಬಾಯಿಗೆ ಬರುತ್ತಲೇ ಇರಲಿಲ್ಲ, ಊಟದ ಮಾತೇ ಬರುತ್ತಿತ್ತು. ಆಂಗ್ಲರ ಹಡಗಿನಲ್ಲಿ ಗೋವೆಯ ಬಟ್ಲರನೊಬ್ಬನಿಗೆ ಇವರ ಕೊಂಕಣಿ ಮಿಶ್ರಿತ ಕನ್ನಡ ಕಿವಿಗೆ ಬಿದ್ದು, ಮರುದಿನದಿಂದ ಖಲಾಸಿಗಳ ಅಡುಗೆಯಿಂದ ಅನ್ನ, ತೊವ್ವೆ, ಉಪ್ಪಿನಕಾಯಿ ಮೆಲ್ಲನೆ ಇವರ ಮೇಜಿಗೆ ಬರತೊಡಗಿತಂತೆ. ಇಟಲಿಯ ಹಡಗಿನಲ್ಲಿ ಮೊದಲ ರಾತ್ರಿಯೇ ಟೊಮ್ಯಾಟೋ ಹುಳಿಯಲ್ಲಿ ಅದ್ದಿದ ಶಾವಿಗೆಯಂತಹ ಪದಾರ್ಥ, ಮೇಲೆ ತುರಿದ ಗಿಣ್ಣು, ಪಕ್ಕದಲ್ಲಿ ದ್ರಾಕ್ಷಾರಸದ ಹೂಜಿ. ಮಾವನವರು ಹೂಜಿಯನ್ನು ಸರಿಸಿದಾಗ ಬಡಿಸುವವನು ಮನೆಯಲ್ಲಿ ಯಾರಿಗೋ ಕಾಯಿಲೆಯೆಂಬಂತೆ ಮುಖ ಸಣ್ಣದು ಮಾಡಿದನಂತೆ! "ಒಂದು ಕಡೆ ನಮ್ಮವನು ಕದ್ದು ತಂದು ಬಡಿಸಿದ, ಇನ್ನೊಂದು ಕಡೆ ಪರದೇಶಿಯು ಬಾಯಿತುಂಬ ಮಾತನಾಡಿ ಬಡಿಸಿದ. ಹೊಟ್ಟೆ ತುಂಬಿದ್ದು ಎರಡು ಕಡೆಯೂ" ಎನ್ನುತ್ತಿದ್ದರು. ನಮ್ಮತ್ತೆಗೆ ಮಾತ್ರ ಅವರು ತಂದ 'ಏಷಿಯಾ' ಹಡಗಿನ ಚಿತ್ರಪತ್ರಗಳ ಮೇಲೆಯೇ ಪ್ರೀತಿ.

ಹಳೆಯ ಹಡಗುಗಳಲ್ಲಿ 'ರಜಪುತಾನಾ' 1941ರ ಏಪ್ರಿಲ್‌ನಲ್ಲಿ ಐಸ್‌ಲೆಂಡಿನ ಪಶ್ಚಿಮಕ್ಕೆ ಜರ್ಮನ್ ಜಲಾಂತರ್ಗಾಮಿಯ ಏಟಿಗೆ ಮುಳುಗಿತು. 'ನಾರ್ಕುಂಡಾ' 1942ರ ನವೆಂಬರಿನಲ್ಲಿ ಆಲ್ಜೀರಿಯಾದ ತೀರದಲ್ಲಿ, ರಾಮನ್ನರು ಪಟ್ಟಕ ಹಿಡಿದು ನೋಡಿದ ಅದೇ ಭೂಮಧ್ಯ ಸಮುದ್ರದಲ್ಲಿ. ಆಮೇಲೆ ವಿಮಾನಗಳು ಬಂದವು, 1967ರಿಂದ 1975ರ ತನಕ ಸುಯೆಜ್ ಕಾಲುವೆಯೂ ಮುಚ್ಚಿತು. ಪಿ ಅಂಡ್ ಓ ಕಂಪನಿಯ ಪ್ರಯಾಣಿಕ ಹಡಗುಗಳು ಮುಂಬಯಿಗೆ ಕ್ರಮವಾಗಿ ಬರುವುದು 1970ರಲ್ಲಿ ನಿಂತಿತು. 1953ರಲ್ಲಿ ಸೇವೆಗೆ ಬಂದ 'ಏಷಿಯಾ'ದ ಅವಳಿ ಸೋದರಿ 'ವಿಕ್ಟೋರಿಯಾ' ಮಾತ್ರ ಬೇರೆ ಬಾಳನ್ನು ಕಂಡಳು. 1978ರಲ್ಲಿ ಒಂದು ದತ್ತಿ ಸಂಸ್ಥೆ ಅವಳನ್ನು ಕೊಂಡು, 'ಅನಸ್ತಾಸಿಸ್' ಎಂದು ಹೆಸರಿಟ್ಟು, ತೇಲುವ ಆಸ್ಪತ್ರೆಯನ್ನಾಗಿ ಮಾಡಿತು. ಆಫ್ರಿಕದ ಬಂದರುಗಳಲ್ಲಿ ಸೀಳುತುಟಿಯ ಮಕ್ಕಳಿಗೂ ಕಣ್ಣಿನ ಪೊರೆಯ ಮುದುಕರಿಗೂ ಅವಳ ಒಡಲಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. 2007ರಲ್ಲಿ, ಕಳಚಿ ಗುಜರಿಗೆ ಹಾಕುವುದಕ್ಕಾಗಿ, ಅವಳನ್ನು ಗುಜರಾತಿನ ಅಲಂಗ್ ಕಡಲತೀರಕ್ಕೆ ತಂದು ನಿಲ್ಲಿಸಿದರು.