ಭೂಸುಂದರಿಯೂ ಭೂತಾಯಿಯೂ

ಸೌಂದರ್ಯ ಸ್ಪರ್ಧೆಯ ಹೆಸರೆತ್ತಿದೊಡನೆ ನಮ್ಮ ಗೃಹಸ್ಥರು ಮುಖ ಸಿಂಡರಿಸುವುದು ಹೊಸದೇನಲ್ಲ. 1996ರ ನವೆಂಬರ್ 23ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆದಾಗ ನಾಡಿನಲ್ಲೆಲ್ಲ ಎದ್ದ ಕೋಲಾಹಲವನ್ನು ಹಿರಿಯ ವಾಚಕರು ಮರೆತಿರಲಾರರು. ರೈತರು, ಮಹಿಳಾ ಸಂಘಟನೆಯವರು, ಸಂಸ್ಕೃತಿ ರಕ್ಷಣೆಯ ಮಾತನಾಡುವವರು ತಮ್ಮ ತಮ್ಮ ಬೇರೆ ಕಾರಣಗಳನ್ನು ಹೊತ್ತು ಬೀದಿಗಿಳಿದಿದ್ದರು. ಈಜುಡುಗೆಯ ಸುತ್ತನ್ನು ಸಂಘಟಕರು ದೂರದ ಸೆಶೆಲ್ಸ್ ದ್ವೀಪಗಳಿಗೆ ಒಯ್ದರು. ಗ್ರೀಸ್ ದೇಶದ ಐರೀನ್ ಸ್ಕ್ಲಿವಾ ಕಿರೀಟ ಧರಿಸಿದಳು. ಗದ್ದಲ ಅಲ್ಲಿಗೆ ತಣ್ಣಗಾಯಿತು.

ನಾವು ಇಲ್ಲಿ ಬರೆಯಹೊರಟಿರುವುದು ಆ ಸ್ಪರ್ಧೆಯ ಕುರಿತಲ್ಲ. ಅದೇ ಬೆಂಗಳೂರಿನ ಮಗಳೊಬ್ಬಳು ಗೆದ್ದು ತಂದ, ನಮ್ಮ ಕಡೆಯ ಹಳ್ಳಿಗಳವರೆಗೆ ಸುದ್ದಿಯೇ ಸರಿಯಾಗಿ ತಲುಪದ ಇನ್ನೊಂದು ಸ್ಪರ್ಧೆಯ ಕುರಿತು. ಅದರ ಹೆಸರು ಮಿಸ್ ಅರ್ಥ್. ಕನ್ನಡದಲ್ಲಿ ಭೂಸುಂದರಿ ಎನ್ನೋಣ. ಪರಿಸರ ರಕ್ಷಣೆಯನ್ನೇ ಧ್ಯೇಯವೆಂದು ಸಾರಿ ಫಿಲಿಪ್ಪೀನ್ಸ್ ದೇಶದವರು 2001ರಲ್ಲಿ ಇದನ್ನು ಆರಂಭಿಸಿದರು. ಮೊದಲ ಕಿರೀಟ ಡೆನ್ಮಾರ್ಕಿನ ಕ್ಯಾಥರೀನಾ ಸ್ವೆನ್ಸನ್ ಪಾಲಾಯಿತು. ಗೆದ್ದವಳು ಭೂಮಿ, ಅವಳ ನಂತರದ ಮೂವರಿಗೆ ವಾಯು, ಜಲ, ಅಗ್ನಿಯೆಂಬ ಬಿರುದುಗಳು. ಪಂಚಭೂತಗಳಲ್ಲಿ ಆಕಾಶವೊಂದು ಹೊರಗುಳಿದಿದೆ. ಉಳಿಯಲಿ, ಬಯಲಿಗೆ ಕಿರೀಟ ತೊಡಿಸುವ ಧೈರ್ಯ ಯಾರಿಗಿದ್ದೀತು!

ಈ ಸ್ಪರ್ಧೆಯ ಇತಿಹಾಸದಲ್ಲಿ ನಮಗೆ ಬಹುವಾಗಿ ಮೆಚ್ಚುಗೆಯಾದ ಪ್ರಸಂಗವೊಂದಿದೆ. 2002ರಲ್ಲಿ ಗೆದ್ದ ಬೋಸ್ನಿಯಾ ದೇಶದ ತರುಣಿ ಪದವಿಯ ಕರ್ತವ್ಯಗಳನ್ನು ನಿರ್ವಹಿಸಲಿಲ್ಲವೆಂದು ಸಂಘಟಕರು ಮರುವರ್ಷ ಅವಳ ಕಿರೀಟವನ್ನು ಹಿಂದಕ್ಕೆ ಪಡೆದು, ಕೀನ್ಯಾ ದೇಶದ ವಿನ್‌ಫ್ರೆಡ್ ಒಮ್ವಾಕ್ವೆಗೆ ಕೊಟ್ಟರು. ಕಾಯಕ ತಪ್ಪಿದವರಿಗೆ ಪದವಿ ಉಳಿಯದೆಂಬ ನಿಯಮ ನಮ್ಮ ಪಂಚಾಯಿತಿಗಳಲ್ಲಿಯೂ ಸಂಘ ಸಂಸ್ಥೆಗಳಲ್ಲಿಯೂ ಇದ್ದಿದ್ದರೆ ಎಷ್ಟು ಕುರ್ಚಿಗಳು ತೆರವಾಗುತ್ತಿದ್ದವೋ.

2010ರ ಡಿಸೆಂಬರ್ 4ರಂದು ವಿಯೆಟ್ನಾಂ ದೇಶದ ನ್ಹಾ ಟ್ರಾಂಗ್ ನಗರದಲ್ಲಿ ಬೆಂಗಳೂರಿನ ನಿಕೋಲ್ ಫರಿಯಾ ಭೂಸುಂದರಿಯಾದಳು. ಭಾರತದವರಲ್ಲಿ ಈ ಕಿರೀಟ ಧರಿಸಿದ ಮೊದಲಿಗಳು ಅವಳೇ. ಅದೇ ತಿಂಗಳ 30ರಂದು ಕೃಷ್ಣಾ ಜಲವಿವಾದದ ಎರಡನೆಯ ನ್ಯಾಯಾಧಿಕರಣವು ಆಲಮಟ್ಟಿಯ ಎತ್ತರವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಸಮ್ಮತಿಸಿ ತೀರ್ಪಿತ್ತಿತು. ಆಲಮಟ್ಟಿ ಆಗ ನಮ್ಮ ಬಸವನ ಬಾಗೇವಾಡಿ ತಾಲೂಕಿಗೇ ಸೇರಿತ್ತು. ಎಷ್ಟು ಹೊಲ ಮುಳುಗುವುದು, ಎಷ್ಟು ಹೊಲಕ್ಕೆ ನೀರು ಹರಿಯುವುದು ಎಂಬ ಲೆಕ್ಕದಲ್ಲಿ ಕಟ್ಟೆಯ ಮೇಲೆ ಕುಳಿತ ಗಂಡಸರು ಮುಳುಗಿಹೋಗಿದ್ದರು. ಭೂಮಿಯ ಹೆಸರಿನಲ್ಲಿ ಒಬ್ಬಳಿಗೆ ಕಿರೀಟವಾದುದನ್ನು ನಮ್ಮ ಓಣಿಯಲ್ಲಿ ಒಬ್ಬರೂ ಆಡಲಿಲ್ಲ. ಎಳ್ಳಮವಾಸ್ಯೆಗೆ ಇನ್ನೊಂದು ತಿಂಗಳಿತ್ತು; ಹೊಲದಲ್ಲಿ ಬಿಳಿಜೋಳ ಎದೆಯೆತ್ತರಕ್ಕೆ ನಿಂತಿತ್ತು.

ನಮ್ಮ ತವರು ಇಂಡಿ, ಕೊಟ್ಟ ಮನೆ ಬಾಗೇವಾಡಿ. ತಂಗಿಯನ್ನು ಸಿಂದಗಿಗೂ ಮಗಳನ್ನು ಮುದ್ದೇಬಿಹಾಳಕ್ಕೂ ಕೊಟ್ಟಿದ್ದೇವೆ. ಹೀಗಾಗಿ ಭೀಮೆಯ ದಂಡೆಯಿಂದ ಕೃಷ್ಣೆಯ ದಂಡೆಯವರೆಗಿನ ಭೂಮಿಯ ಸುಖದುಃಖಗಳೆಲ್ಲ ಬೀಗರ ಮಾತಿನೊಡನೆ ನಮ್ಮ ಪಡಸಾಲೆಗೆ ಬಂದು ಸೇರುತ್ತವೆ. ಇಂಡಿಯ ಲಿಂಬೆ ಹೆಸರಾದುದು, ಭೌಗೋಳಿಕ ಗುರುತನ್ನೂ ಪಡೆದುದು. ಆದರೆ ಬರಗಾಲದ ಬೇಸಿಗೆಯಲ್ಲಿ ಕೊಳವೆ ಬಾವಿಗಳು ಬತ್ತಿದಾಗ ತವರಿನವರು ಟ್ಯಾಂಕರ್ ನೀರನ್ನು ಕೊಂಡು ಗಿಡದ ಬುಡಕ್ಕೆ ಹೊಯ್ದುದನ್ನು ಕಂಡಿದ್ದೇವೆ. ಸಿಂದಗಿಯ ತಂಗಿ ಮಳೆ ತಪ್ಪಿದ ವರ್ಷದ ತೊಗರಿಯ ಮಾತನ್ನೇ ಆಡುತ್ತಾಳೆ. ಮುದ್ದೇಬಿಹಾಳದ ಕಡೆ ಕಾಲುವೆ ಬಂದ ಮೇಲೆ ತಗ್ಗಿನ ಯರಿ ಹೊಲಗಳು ಸವಳು ಜವಳಾಗಿ, ಬಿಳಿಯ ಉಪ್ಪು ಮೇಲೆದ್ದು ಕುಳಿತಿವೆ. ಒಂದೆಡೆ ನೀರಿಲ್ಲದ ಸಂಕಟ, ಇನ್ನೊಂದೆಡೆ ನೀರು ಹೆಚ್ಚಾದ ಸಂಕಟ. ನಡುವೆ ಡೋಣಿ ಹೊಳೆ. ಅದು ಹರಿದ ವರ್ಷ ಓಣಿಗೆಲ್ಲ ಜೋಳವೆಂದು ಹಿರಿಯರು ನಂಬಿದ್ದರು, ಬಾಯಿಗಿಟ್ಟರೆ ಮಾತ್ರ ಅದರ ನೀರು ಉಪ್ಪು. ಜಿಲ್ಲೆಯ ಅರಣ್ಯವೆಂಬುದು ನೆಲದ ಶೇಕಡಾ ಒಂದರಷ್ಟೂ ಇಲ್ಲ. ಕೋಟಿ ವೃಕ್ಷ ಅಭಿಯಾನದವರು ವಿಜಯಪುರದಲ್ಲಿ ಸಸಿ ನೆಡುತ್ತಿರುವುದು ಈ ಕೊರತೆಯನ್ನು ಕಂಡೇ.

ಕೆಲವು ವರ್ಷಗಳ ಹಿಂದೆ ನಮ್ಮ ಮೈದುನನ ಮಗಳು ವಿಜಯಪುರದ ಕಾಲೇಜೊಂದರಲ್ಲಿ ಓದುತ್ತಿದ್ದಾಗ, ಏಪ್ರಿಲ್ 22ರ ಭೂಮಿ ದಿನಕ್ಕೆಂದು ಅಲ್ಲಿ ಇದೇ ಮಾದರಿಯ ಸ್ಪರ್ಧೆಯೊಂದನ್ನು ಏರ್ಪಡಿಸಿದರು. ಕಸದಿಂದ ಮಾಡಿದ ಉಡುಪು ತೊಟ್ಟು ನಡೆಯಬೇಕು, ಪರಿಸರದ ಕುರಿತು ಎರಡು ನಿಮಿಷ ಮಾತನಾಡಬೇಕು. ಹುಡುಗಿ ಹೆಸರು ಕೊಟ್ಟು ಬಂದಿದ್ದಳು. ಮನೆಯಲ್ಲಿ ಎರಡು ದಿನ ಒಲೆ ಉರಿದರೂ ಮಾತು ಬೇಯಲಿಲ್ಲ. ಮೈದುನ ಒಪ್ಪಲಿಲ್ಲ, ಹೆಣ್ಣುಮಕ್ಕಳನ್ನು ವೇದಿಕೆಯ ಮೇಲೆ ನಡೆಸಿ ಅಂಕ ಹಾಕುವುದು ದನದ ಪೇಟೆಯ ಕ್ರಮವೆಂದು ಅವರ ವಾದ. ಅದರಲ್ಲಿ ಸುಳ್ಳಿರಲಿಲ್ಲ. ಪರಿಸರದ ಹೆಸರಿಟ್ಟ ಅಂತಾರಾಷ್ಟ್ರೀಯ ಸ್ಪರ್ಧೆಯೂ ಈಜುಡುಗೆಯ ಸುತ್ತನ್ನು ಬಿಟ್ಟುದಿಲ್ಲ. ಮರ ನೆಡಲು ಹೋಗುವವಳ ಸೊಂಟದ ಅಳತೆಯಿಂದ ಮರಕ್ಕೇನಾಗಬೇಕು?

ನಮ್ಮ ಅತ್ತೆಯವರು ಮೂಲೆಯಲ್ಲಿ ಕುಳಿತು ಕೇಳುತ್ತಿದ್ದರು. ಆಗ ಅವರಿಗೆ ಎಂಬತ್ತು ದಾಟಿತ್ತು. ಮೊಮ್ಮಗಳನ್ನು ಕರೆದು, ಆ ದೊಡ್ಡ ಸ್ಪರ್ಧೆಗೆ ಯಾರು ಯಾರು ಹೋಗಬಹುದೆಂದು ವಿಚಾರಿಸಿದರು. ಹುಡುಗಿ ತಾನು ಓದಿದ್ದನ್ನು ಹೇಳಿದಳು: ತರುಣಿಯಾಗಿರಬೇಕು, ಮದುವೆಯಾಗಿರಬಾರದು, ಹೆತ್ತಿರಬಾರದು.

"ಲಗ್ನ ಆಗಿರಬಾರದು, ಹಡೆದಿರಬಾರದು ಅಂದ್ರ ಅದೆಂಥಾ ಭೂಮಿತಾಯಿ, ಯವ್ವಾ?" ಎಂದರು ಅತ್ತೆಯವರು.

"ತಾಯಿ ಅಲ್ಲ ಆಯಿ, ಸುಂದರಿ" ಎಂದಳು ಹುಡುಗಿ.

"ಬಸುರಿ ಇದ್ದಾಗ ಆಕಿ ಎಷ್ಟು ಚೆಂದ ಇರ್ತಾಳ ಅಂತ ಅವರು ನೋಡಿಲ್ಲ ಹಂಗಾರ."

ಈ ಮಾತು ನಮ್ಮನ್ನು ಬಹುಕಾಲ ಚಿಂತನೆಗೆ ಹಚ್ಚಿತು. ನಮ್ಮ ಕಡೆಯವರು ಭೂಮಿಯನ್ನು ಎಂದೂ ಕುಮಾರಿಯಾಗಿ ಕಂಡವರಲ್ಲ. ಶೀಗಿ ಹುಣ್ಣಿಮೆಗೆ ಅವಳು ಬಸುರಿ; ಸೀಮಂತದ ಬಯಕೆ ತೀರಿಸುವಂತೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತೇವೆ. ಎಳ್ಳಮವಾಸ್ಯೆಗೆ ಹೊಡೆ ತುಂಬಿ ತೆನೆ ಇಣುಕುವ ಹೊತ್ತು. ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಕಡುಬು, ಶೇಂಗಾ ಹೋಳಿಗೆ ಎಲ್ಲವನ್ನೂ ಕಲೆಸಿ ಹೊಲದ ನಾಲ್ಕೂ ದಿಕ್ಕಿಗೆ ಚರಗ ಚೆಲ್ಲಿದ ಮೇಲೆಯೇ ಮನೆಯವರ ಊಟ. ತಿಂದವರು ಇಲಿಯೋ ಹಕ್ಕಿಯೋ ಇರುವೆಯೋ, ಯಾರೂ ವಿಚಾರಿಸುವುದಿಲ್ಲ. ಆ ದಿನ ಅವಳು ಚೆಲುವೆಯಾಗಿರುವುದು ತೆಳ್ಳಗಿರುವುದರಿಂದಲ್ಲ, ತುಂಬಿಕೊಂಡಿರುವುದರಿಂದ.

ಬಸುರಿಯೆಂದು ಒಪ್ಪಿದ ಮೇಲೆ ಅವಳಿಗೆ ಸಲ್ಲಬೇಕಾದುದೂ ಬೇರೆಯಾಗುತ್ತದೆ. ಬಸುರಿಗೆ ಹೊಟ್ಟೆ ತುಂಬ ಊಟ ಬೇಕು. ಭೂಮಿಗೆ ಅದು ತಿಪ್ಪೆಯ ಗೊಬ್ಬರ. ದನಗಳನ್ನು ಮಾರಿದ ಮನೆಗಳಲ್ಲಿ ತಿಪ್ಪೆ ಎಲ್ಲಿಂದ ಬರಬೇಕು? ಬಸುರಿಗೆ ವಿಶ್ರಾಂತಿ ಬೇಕು. ವರ್ಷಕ್ಕೆ ಒಂದೇ ಬೆಳೆಯ ಯರಿ ಹೊಲ ಮುಂಗಾರಿನಲ್ಲಿ ಬರಿದಾಗಿ ಮಲಗಿ, ಕುಡಿದ ಮಳೆಯನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು, ಹಿಂಗಾರಿಗೆ ಜೋಳವನ್ನು ಕೊಡುತ್ತಿತ್ತು. ಆ ತೇವ ಹೊಲದಲ್ಲಿ ನಿಲ್ಲಲು ಬದು ಒಡ್ಡುಗಳು ಬೇಕು, ಬದುವಿನ ಮಣ್ಣು ಹರಿದುಹೋಗದಂತೆ ಹಿಡಿಯಲು ಬೇವು, ಬನ್ನಿ, ಜಾಲಿಗಳ ಬೇರು ಬೇಕು. ನೆರಳಿಗೆ ನಾಲ್ಕು ಸಾಲು ಬೆಳೆ ಬರುವುದಿಲ್ಲವೆಂದೂ ಟ್ರ್ಯಾಕ್ಟರು ತಿರುಗುವುದಿಲ್ಲವೆಂದೂ ಸುತ್ತಿನ ಹೊಲಗಳಲ್ಲಿ ಆ ಗಿಡಗಳು ಒಂದೊಂದಾಗಿ ಇಲ್ಲವಾದವು. ಚರಗ ಚೆಲ್ಲುವವರು ಇಂದಿಗೂ ತಪ್ಪದೆ ಚೆಲ್ಲುತ್ತಾರೆ, ಬುತ್ತಿಯುಂಡ ಪ್ಲಾಸ್ಟಿಕ್ ತಾಟುಗಳನ್ನು ಅದೇ ಬದುವಿನ ಮೇಲೆ ಬಿಟ್ಟು ಬರುತ್ತಾರೆ. ಬೆಂಗಳೂರು, ಮನಿಲಾಗಳ ಸುಂದರಿಯರನ್ನು ಹಳಿಯುವ ಮೊದಲು ನಮ್ಮ ಓಣಿಯವರು ಈ ತಾಟುಗಳ ಲೆಕ್ಕ ಕೊಡಲಿ ಎಂಬುದು ನಮ್ಮ ಅಭಿಪ್ರಾಯ.

ಹುಡುಗಿಯನ್ನು ಕಳುಹಿಸಿದೆವು. ಕಳುಹಿಸಿದ್ದು ಅತ್ತೆಯವರ ಮಾತಿಗೆ. ಮೈದುನ ಮೌನವಾದರು, ಒಪ್ಪಿದರೆಂದು ಹೇಳಲಾಗದು. ರಸಗೊಬ್ಬರದ ಖಾಲಿ ಚೀಲಗಳಿಂದ ಲಂಗವನ್ನು ನಾವೇ ಹೊಲಿದುಕೊಟ್ಟೆವು. ಎರಡು ನಿಮಿಷದ ಮಾತಿಗೆ ಅವಳು ಓಜೋನು, ಹಿಮಗಡ್ಡೆಗಳನ್ನು ಬಿಟ್ಟು ಬದುವಿನ ಗಿಡಗಳನ್ನೇ ಆರಿಸಿಕೊಂಡಳು. ಆಯಿಯ ಕಾಲದಲ್ಲಿ ನಮ್ಮ ಎಂಟೆಕರೆಯ ಸುತ್ತ ಎಷ್ಟು ಗಿಡಗಳಿದ್ದವೆಂದು ಕೇಳಿ ಬರೆದುಕೊಂಡಳು. ಅತ್ತೆಯವರು ಕಣ್ಣು ಮುಚ್ಚಿ, ಮೂಡಲ ಬದುವಿನಿಂದ ಆರಂಭಿಸಿ, ಬಂಧುಗಳ ಹೆಸರು ಹೇಳುವಂತೆ ಇಪ್ಪತ್ಮೂರನ್ನು ಎಣಿಸಿದರು. ಬಹುಮಾನ ಬೇರೆ ಹುಡುಗಿಯ ಪಾಲಾಯಿತು. ತೀರ್ಪುಗಾರರಲ್ಲೊಬ್ಬರು ಇವಳ ಮಾತಿನಲ್ಲಿ ಹಳ್ಳಿಯ ಸೊಗಡು ಹೆಚ್ಚಾಯಿತೆಂದರಂತೆ! ಭೂಮಿಯ ಕುರಿತ ಮಾತಿನಲ್ಲಿ ಹಳ್ಳಿಯ ಸೊಗಡು ಇರದೆ ಇನ್ನಾವುದು ಇರಬೇಕಿತ್ತೋ ನಮಗೆ ತಿಳಿಯದು. ಅವಳು ಒಂದು ರಾತ್ರಿ ಅತ್ತಳು.

ಮಳೆಗಾಲಕ್ಕೆ ಅರಣ್ಯ ಇಲಾಖೆಯ ಸಸ್ಯಪಾಲನೆಯಿಂದ ಬೇವು, ಹುಣಸೆ, ಹೊಂಗೆಯ ಹನ್ನೆರಡು ಸಸಿಗಳನ್ನು ತಂದು ಮೂಡಲ ಬದುವಿಗೆ ನೆಟ್ಟಳು. ಎರಡು ಬೇಸಿಗೆ ಕೊಡ ಹೊತ್ತು ನೀರು ಹಾಕಿದಳು. ಮುಂದೆ ಅವಳ ಲಗ್ನವಾಯಿತು, ಅವಳೂ ಸಿಂದಗಿಯ ಸೊಸೆಯಾದಳು. ಕೊಡ ನಮ್ಮ ಪಾಲಿಗೆ ಬಂದಿತು. ಅತ್ತೆಯವರು ಲಿಂಗೈಕ್ಯರಾಗುವ ವರ್ಷದವರೆಗೂ ಗಿಡ ಎಷ್ಟಾಯಿತೆಂದು ಕೇಳುತ್ತಿದ್ದರು. ಏಳು ಉಳಿದಿವೆ.

ಕಳೆದ ಬೇಸಿಗೆಯಲ್ಲಿ ಪಕ್ಕದ ಹೊಲದವರು ಹೊಲ ಸಮತಟ್ಟು ಮಾಡಿಸಲು ಜೇಸಿಬಿ ತರಿಸಿದ್ದರು. ಅದೇ ಬಾಡಿಗೆಯಲ್ಲಿ ನಮ್ಮ ಮೂಡಲ ಬದುವನ್ನೂ ತೆಗೆಸಿಕೊಂಡರೆ ಎರಡು ಹೊಲ ಕೂಡಿ ನೇರ ಸಾಲು ಬಿತ್ತಬಹುದೆಂದು ಅವರ ಸಲಹೆ. ನಾವು ಬುತ್ತಿ ಒಯ್ದಿದ್ದೆವು. ಮೈದುನ ಬದುವಿನ ಮೇಲೆ ಎಲ್ಲಕ್ಕೂ ಎತ್ತರದ ಬೇವಿನ ಪಕ್ಕದಲ್ಲಿ ನಿಂತಿದ್ದರು. ಯಂತ್ರದವನು ಏನು ಮಾಡಲೆಂದು ಕೇಳಿದಾಗ ಅವರು ತಲೆಗೆ ಸುತ್ತಿದ್ದ ಪಂಚೆಯನ್ನು ಬಿಚ್ಚಿ ಮುಖ ಒರೆಸಿಕೊಂಡು, "ಅದು ನನ್ನ ಮಗಳ ಬದು, ಅದನ್ನ ಮುಟ್ಟಬ್ಯಾಡ" ಎಂದರು.