ಮಡ್ಡಿಯ ಮೇಲಿನ ಪುಟ್ಟ ಡೊಂಬಾರಿ

ಸೊಲ್ಲಾಪುರ ಎಂದೊಡನೆ ನಮಗೆ ನೆನಪಾಗುವುದು ಚಾದರ, ಶೇಂಗಾ ಚಟ್ನಿ, ಬಿಳಿಜೋಳದ ರೊಟ್ಟಿ. ಆದರೆ ಈ ಜಿಲ್ಲೆಗೆ ಇನ್ನೊಂದು ಮುಖವೂ ಇದೆ. ಎರೆಹೊಲಗಳ ನಡುನಡುವೆ ಕಲ್ಲುನೆಲದ ಮಡ್ಡಿಗಳು ಉಬ್ಬಿ ನಿಂತಿವೆ. ಮರಾಠಿಯಲ್ಲಿ ಇವನ್ನು ಮಾಳರಾನ ಎನ್ನುತ್ತಾರೆ. ಒಣಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿ, ಬಾರಿಗಿಡ ಬಿಟ್ಟರೆ ಮೇಲುನೋಟಕ್ಕೆ ಅಲ್ಲಿ ಏನೂ ಇಲ್ಲ. "ಪಡಾ ಬಿದ್ದ ನೆಲ, ಏನೈತ್ರಿ ಅಲ್ಲಿ?" ಎಂದು ಕೇಳುವವರೇ ಹೆಚ್ಚು.

ಏನಿದೆ ಎಂದು ನೋಡಲು ನಾವು ಒಂದು ಬೇಸಿಗೆಯಲ್ಲಿ ಬಾರ್ಶಿ ರಸ್ತೆ ಹಿಡಿದು ನಾನ್ನಜಕ್ಕೆ ಹೋದೆವು. ಸೊಲ್ಲಾಪುರದಿಂದ ಸುಮಾರು 20 ಕಿ.ಮೀ. ದೂರ. 1979ರಲ್ಲಿ ಘೋಷಣೆಯಾದ ಮಾಳಢೋಕ ಪಕ್ಷಿಧಾಮ ಇಲ್ಲಿದೆ. ನಮ್ಮ ಕಡೆ ಎರೆಭೂತ ಎಂದು ಕರೆಯುವ ಆ ದೊಡ್ಡ ಹಕ್ಕಿ ಈಗ ಇಡೀ ದೇಶದಲ್ಲಿ ಇನ್ನೂರಕ್ಕಿಂತ ಕಡಿಮೆ ಉಳಿದಿದೆ. ನಮಗೆ ಅದು ಕಾಣಲಿಲ್ಲ. ಚಿಗರಿಗಳ ಹಿಂಡು ಕಂಡಿತು. ಅದಕ್ಕಿಂತ ಹೆಚ್ಚಾಗಿ ನಮ್ಮ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಗುಬ್ಬಚ್ಚಿಗಿಂತಲೂ ಚಿಕ್ಕದಾದ ಒಂದು ಹಕ್ಕಿ.

ಅದೇ ನೆಲಗುಬ್ಬಿ. ಗಂಡಿಗೆ ಬೂದಿಬಣ್ಣದ ನೆತ್ತಿ, ಬಿಳಿಚಿದ ಕೆನ್ನೆ, ಮಸಿ ಬಳಿದಂತಹ ಎದೆ ಮತ್ತು ಹೊಟ್ಟೆ. ಹೆಣ್ಣು ಮಾತ್ರ ಮಣ್ಣಿನದೇ ಬಣ್ಣ. ಅಲುಗದೆ ಕುಳಿತರೆ ಹೆಂಟೆಯೋ ಹಕ್ಕಿಯೋ ತಿಳಿಯದು. ನಾವು ನೋಡುತ್ತಿದ್ದಂತೆಯೇ ಒಂದು ಗಂಡು ರೆಕ್ಕೆ ಪಟಪಟಿಸುತ್ತಾ ನೆಟ್ಟಗೆ ಮೇಲೇರಿತು. ಸುಮಾರು ನೂರು ಅಡಿ ಏರಿದ ಮೇಲೆ ರೆಕ್ಕೆ ಮಡಚಿ ತಲೆಕೆಳಗಾಗಿ ಕಲ್ಲಿನಂತೆ ಬಿತ್ತು. ಬೀಳುವಾಗ ಉದ್ದನೆಯ ಒಂದು ಸಿಳ್ಳೆ. ಇನ್ನೇನು ನೆಲಕ್ಕೆ ಬಡಿಯಿತು ಎನ್ನುವಷ್ಟರಲ್ಲಿ ಮತ್ತೆ ಮೇಲಕ್ಕೆ ಚಿಮ್ಮಿತು! ಹೀಗೆ ಹಲವು ಸಲ ಏರಿ ಇಳಿದು, ಕೊನೆಗೆ ಒಂದು ಹೆಂಟೆಯ ಮೇಲೆ ಏನೂ ಆಗದವರಂತೆ ಕುಳಿತಿತು. ಮರಾಠಿಯಲ್ಲಿ ಇದಕ್ಕೆ ಡೊಂಬಾರಿ ಎಂಬ ಹೆಸರಿದೆ. ಡೊಂಬರಾಟ ಬಲ್ಲ ಕನ್ನಡಿಗರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಬೇಲಿಯ ಹೊರಗೆ ಕುರಿ ಕಾಯುತ್ತಿದ್ದ ಅಜ್ಜನೊಬ್ಬರು ನಮ್ಮ ಕನ್ನಡ ಕೇಳಿ ಹತ್ತಿರ ಬಂದರು. "ಮ್ಯಾಲ ನೋಡಕೋತ ನಡೀಬ್ಯಾಡ್ರಿ, ನೆಲಾ ನೋಡಿ ಹೆಜ್ಜಿ ಇಡ್ರಿ" ಎಂದು ಒಂದು ಹುಲ್ಲುಗಂಟಿಯ ಬುಡ ತೋರಿಸಿದರು. ದನದ ಗೊರಸಿನ ಗುರುತಿನಷ್ಟು ಒಂದು ತಗ್ಗು, ಒಳಗೆ ಹುಲ್ಲೆಳೆ, ಅಂಚಿಗೆ ಜೋಡಿಸಿದ ಸಣ್ಣ ಹರಳುಗಳು, ಎರಡು ಮೊಟ್ಟೆ. ಅಷ್ಟೇ ಅದರ ಮನೆ! ಗಂಡು ಹೆಣ್ಣು ಎರಡೂ ಸರದಿಯಂತೆ ಕಾವು ಕೊಡುತ್ತವೆ. ನಾವು ಕೂಡಲೇ ದೂರ ಸರಿದೆವು.

ಈ ಹಕ್ಕಿಗೆ ಗೂಡು ಕಟ್ಟಲು ಮರ ಬೇಡ. ತಿನ್ನಲು ಹುಲ್ಲಿನ ಬೀಜ, ಹುಳುಹುಪ್ಪಟೆ. ಇರಲು ಬಯಲು ನೆಲ. ಆದರೆ ನಮ್ಮ ಕಾಗದಪತ್ರಗಳಲ್ಲಿ ಆ ನೆಲದ ಹೆಸರೇನು ಗೊತ್ತೇ? ಬಂಜರು! 2000ದಲ್ಲಿ ಮೊದಲು ಪ್ರಕಟವಾದ ದೇಶದ ಬಂಜರುಭೂಮಿ ನಕಾಶೆ ಪುಸ್ತಕವೂ ಕುರುಚಲು ನೆಲವನ್ನು ಇದೇ ಲೆಕ್ಕಕ್ಕೆ ಸೇರಿಸಿತು. ಬಂಜರು ಎಂದಮೇಲೆ ಅದನ್ನು ಉಪಯೋಗಕ್ಕೆ ತರಬೇಕು ಎನ್ನುವುದು ಎಲ್ಲರ ಆಸೆ. ಒಬ್ಬರು ಉಳುತ್ತಾರೆ, ಒಬ್ಬರು ಕಲ್ಲು ತೆಗೆಯುತ್ತಾರೆ, ಒಳ್ಳೆಯ ಮನಸ್ಸಿನವರು ಸಾಲಾಗಿ ಗುಂಡಿ ತೋಡಿ ಸಸಿ ನೆಡುತ್ತಾರೆ. ಸಸಿ ನೆಡುವುದು ಪುಣ್ಯದ ಕೆಲಸವೇ. ಊರಲ್ಲಿ, ರಸ್ತೆಬದಿಯಲ್ಲಿ, ಹೊಲದ ಬದುವಿನಲ್ಲಿ ನೆಡೋಣ. ಆದರೆ ಹುಲ್ಲುಮಡ್ಡಿಯ ತುಂಬ ಮರ ಎದ್ದರೆ ಬಯಲು ಹೋಗುತ್ತದೆ. ಬಯಲು ಹೋದರೆ ನೆಲದ ಮೇಲೆ ಗೂಡು ಮಾಡುವವರು ಎಲ್ಲಿಗೆ ಹೋಗಬೇಕು?

ನೆಲಗುಬ್ಬಿ ಇನ್ನೂ ಅಪರೂಪವಾಗಿಲ್ಲ ಎನ್ನುವುದು ಸಂತೋಷದ ಮಾತು. ಎರೆಭೂತ ಕೂಡ ಒಂದು ಕಾಲಕ್ಕೆ ಇದೇ ಬಯಲಿನ ಸಾಮಾನ್ಯ ಹಕ್ಕಿಯಾಗಿತ್ತು ಎಂಬುದನ್ನು ಮಾತ್ರ ಮರೆಯಬಾರದು.

ಓದುಗರೇ, ಇದನ್ನು ನೋಡಲು ನಾನ್ನಜದವರೆಗೆ ಹೋಗಲೇಬೇಕೆಂದಿಲ್ಲ. ಅಕ್ಕಲಕೋಟೆ, ಜತ್ತ, ರಾಯದುರ್ಗ, ಮಡಕಶಿರಾದ ಒಣಸೀಮೆಯಲ್ಲಿ ನಿಮ್ಮೂರ ಮಡ್ಡಿಯ ಮೇಲೂ ಇದು ಇದ್ದೀತು. ಬೇಸಿಗೆಯ ಒಂದು ಬೆಳಿಗ್ಗೆ ಮಕ್ಕಳನ್ನು ಕರೆದುಕೊಂಡು ಹೋಗಿ ಸುಮ್ಮನೆ ನಿಂತು ಸಿಳ್ಳೆಗೆ ಕಿವಿಗೊಡಿ. ಹೆಜ್ಜೆ ಇಡುವಾಗ ಮಾತ್ರ ನೆಲ ನೋಡಿ ಇಡಿ.