ಕುಳಿಯ ಹತ್ತಿರದ ಲೆಕ್ಕ

ಗಾಲ್ಫ್ ಮೈದಾನವೊಂದರಲ್ಲಿ 18 ಕುಳಿಗಳಿರುತ್ತವೆ. ಒಳ್ಳೆಯ ಆಟಗಾರ ಇಷ್ಟು ಹೊಡೆತಗಳಲ್ಲಿ ಆಟ ಮುಗಿಸಬೇಕು ಎಂದು ಒಂದು ಲೆಕ್ಕವಿದೆ. ಅದಕ್ಕೆ ‘ಪಾರ್’ ಎನ್ನುತ್ತಾರೆ. ಬಹಳಷ್ಟು ಮೈದಾನಗಳಲ್ಲಿ ಅದು 72. ಈ 72ರಲ್ಲಿ ಕುಳಿಯ ಸುತ್ತಲಿನ ನುಣ್ಣನೆಯ ಹುಲ್ಲಿಗೆ, ಅಂದರೆ ‘ಗ್ರೀನ್’ಗೆ, ಕುಳಿಯೊಂದಕ್ಕೆ ಎರಡರಂತೆ 36 ಹೊಡೆತ ಎತ್ತಿಟ್ಟಿದ್ದಾರೆ. ಅರ್ಧಕ್ಕರ್ಧ! ಟಿ.ವಿ.ಯಲ್ಲಿ ನೋಡುವಾಗ ನಾವು ಬಾಯಿ ಬಿಡುವುದು ಮಾತ್ರ ಇನ್ನೂರೈವತ್ತು ಮೀಟರ್ ಹಾರುವ ಹೊಡೆತಕ್ಕೆ. ಎರಡಡಿ ದೂರದಿಂದ ತಳ್ಳಿದ್ದೂ ಒಂದು ಹೊಡೆತವೇ. ಲೆಕ್ಕದ ಚೀಟಿಯಲ್ಲಿ ಎರಡಕ್ಕೂ ಒಂದೇ ಬೆಲೆ.

ಪುಣಜನೂರಿನ ಮೇಷ್ಟ್ರಿಗೂ ಗಾಲ್ಫಿಗೂ ಎಲ್ಲಿಯ ನಂಟು ಎಂದು ನೀವು ಕೇಳಬಹುದು. ನಂಟು ನನ್ನ ಹಳೆಯ ವಿದ್ಯಾರ್ಥಿಯಿಂದ ಬಂದದ್ದು. ಎಸ್ಸೆಸ್ಸೆಲ್ಸಿಯಲ್ಲಿ ಬೇರೆಲ್ಲ ವಿಷಯ ಪಾಸಾಗಿ ಗಣಿತ ಒಂದರಲ್ಲಿ ಕೂತ ಹುಡುಗ. ಒಂದು ಕಡೆ ಬಿಳಿಗಿರಿರಂಗನ ಬೆಟ್ಟದ ಕಾಡು, ಇನ್ನೊಂದು ಕಡೆ ತಮಿಳುನಾಡಿನ ಗಡಿ, ನಡುವೆ ಸತ್ಯಮಂಗಲಕ್ಕೆ ಹೋಗುವ ಲಾರಿಗಳು. ಇಂಥ ಊರಿನಲ್ಲಿ ಅವನಿಗೆ ಕೆಲಸವೇನು ಸಿಕ್ಕೀತು? ಪಟ್ಟಣಕ್ಕೆ ಹೋಗಿ ಗಾಲ್ಫ್ ಕ್ಲಬ್ಬೊಂದರಲ್ಲಿ ‘ಕ್ಯಾಡಿ’ಯಾದ. ಆಡುವವರ ಬ್ಯಾಗು ಹೊರುವುದು, ಕೇಳಿದ ಕೋಲು ಎತ್ತಿಕೊಡುವುದು, ಇಳಿಜಾರು ಎತ್ತ ಕಡೆಗೆಂದು ಹೇಳುವುದು ಕ್ಯಾಡಿಯ ಕೆಲಸ.

ದೀಪಾವಳಿಗೆ ಊರಿಗೆ ಬಂದಾಗ ಯಾರೋ ಸದಸ್ಯರು ಬೇಡವೆಂದು ಕೊಟ್ಟ ಎರಡು ಕೋಲು, ಒಂದು ಚೀಲ ಸವೆದ ಚೆಂಡು ತಂದಿದ್ದ. ಒಂದು ಕೋಲು ಚೆಂಡನ್ನು ನೆಲದ ಮೇಲೆ ತಳ್ಳುವ ‘ಪಟ್ಟರ್’. ಇನ್ನೊಂದು ತುದಿಯಲ್ಲಿ ಓರೆಯಾಗಿ ಮಲಗಿದ ‘ವೆಜ್’. ಉದ್ದ ಹೊಡೆಯುವ ಕೋಲು ಇಲ್ಲವೇನೋ ಎಂದರೆ, “ಅದ್ಯಾಕ್ ಸಾ? ಆಟ ಗೆಲ್ಲದು ಕುಳಿ ಹತ್ರ” ಎಂದ. ಗೋಲಿ ಆಡಿದವರಿಗೆ ಈ ಮಾತು ವಿವರಿಸಬೇಕಾಗಿಲ್ಲ.

ಹುಲ್ಲುಹಾಸಿನ ಗ್ರೀನ್ ನಮ್ಮಲ್ಲಿ ಎಲ್ಲಿಂದ ಬರಬೇಕು? ಆದರೆ ಸಗಣಿ ಸಾರಿಸಿದ ಒಕ್ಕಣೆಯ ಕಣ ಒಂದಿತ್ತು. ಈಗ ರಾಗಿಯನ್ನು ಟಾರು ರಸ್ತೆಗೇ ಹರಡಿ ಲಾರಿಗಳಿಂದ ತುಳಿಸುವ ಕಾಲ. ಕಣ ಮಾಡುವವರು ಕಡಿಮೆ. ಆ ಒಂದು ಕಣದ ಯಜಮಾನರನ್ನು ಕೇಳಿ ಮೂಲೆಯಲ್ಲಿ ಕುಳಿ ತೋಡಿಸಿಕೊಂಡೆವು. ಅಳತೆ ನಿಯಮದಂತೆಯೇ: ಅಗಲ 108 ಮಿಲಿಮೀಟರ್.

ಗ್ರೀನ್ ಎಷ್ಟು ನುಣುಪು ಎಂದು ಅಳೆಯಲು ಒಂದು ಸರಳ ಸಾಧನವಿದೆ. 1935ರಲ್ಲಿ ಎಡ್ವರ್ಡ್ ಸ್ಟಿಂಪ್ಸನ್ ಎಂಬ ಅಮೆರಿಕದ ಆಟಗಾರ ಯೋಚಿಸಿದ್ದು. ಗಾಡಿಯಿರುವ ಮೂರಡಿ ಪಟ್ಟಿಯ ಮೇಲೆ ಚೆಂಡಿಟ್ಟು ಮೆಲ್ಲನೆ ಒಂದು ತುದಿ ಎತ್ತುವುದು. ಚೆಂಡು ಉರುಳಿ ಇಳಿದು ನೆಲದ ಮೇಲೆ ಎಷ್ಟು ಅಡಿ ಹೋಯಿತೆಂದು ಅಳೆಯುವುದು. ಅಷ್ಟೇ. ನಾವು ಮುರಿದ ಏಣಿಯ ಬಿದಿರನ್ನು ಸೀಳಿ ಮಾಡಿಕೊಂಡೆವು (ಕಾಡಿನ ಬಿದಿರಲ್ಲ, ಅರಣ್ಯ ಇಲಾಖೆಯವರು ಗಾಬರಿಯಾಗಬೇಕಿಲ್ಲ). ಒಮ್ಮೆ ಈ ಕಡೆಯಿಂದ, ಒಮ್ಮೆ ಆ ಕಡೆಯಿಂದ ಉರುಳಿಸಿ ಸರಾಸರಿ ತೆಗೆದರೆ ಇಳಿಜಾರಿನ ಮೋಸ ಕಳೆಯುತ್ತದೆ.

ಮಕ್ಕಳು ಮೊದಲ ದಿನ ಮಾಡಿದ್ದು ಎಲ್ಲರೂ ಮಾಡುವುದನ್ನೇ. ಕುಳಿಯ ಈಚೆ ನಿಂತ ಚೆಂಡನ್ನು ನೋಡಿ ಮರುಸಲ ಜೋರಾಗಿ ಹೊಡೆದರು. ಅದು ಕುಳಿ ದಾಟಿ ಬೇಲಿಗೆ ಹೋಯಿತು. ಇದಕ್ಕೆ ಕಾರಣ ಒಂಬತ್ತನೇ ತರಗತಿಯ ಪುಸ್ತಕದಲ್ಲಿದೆ. ‘ವಿ ವರ್ಗ ಸಮ ಯು ವರ್ಗ ಕೂಡಿಸು ಎರಡು ಎ ಎಸ್’ ಎಂದು ಬಾಯಿಪಾಠ ಮಾಡುತ್ತೇವಲ್ಲ, ಅದೇ. ವೇಗ ಎರಡು ಪಟ್ಟಾದರೆ ಚೆಂಡು ಉರುಳುವ ದೂರ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ವೇಗ ನೂರಕ್ಕೆ ಹತ್ತು ಹೆಚ್ಚಾದರೆ ದೂರ ನೂರಕ್ಕೆ ಇಪ್ಪತ್ತೊಂದು ಹೆಚ್ಚು. ಆದ್ದರಿಂದ ಪಟ್ಟರನ್ನು ಕೈಯ ಬಲದಿಂದ ಕುಕ್ಕಬಾರದು. ಭುಜದಿಂದ ಗಡಿಯಾರದ ಲೋಲಕದಂತೆ ತೂಗಬೇಕು, ಹಿಂದಕ್ಕೆ ಎಷ್ಟು ಎಳೆದೆವು ಎನ್ನುವುದರಿಂದಲೇ ವೇಗ ತೀರ್ಮಾನವಾಗಬೇಕು. ಎರಡು ಪಟ್ಟು ದೂರ ಬೇಕೆಂದರೆ ಒಂದೂವರೆ ಪಟ್ಟಿಗಿಂತ ತುಸು ಕಡಿಮೆ ಎಳೆದರೆ ಸಾಕು. ಒಂದು ವಾರ ಕಣದ ಮೇಲೆ ಸೀಮೆಸುಣ್ಣದ ಗೆರೆ ಎಳೆದು ಇದನ್ನೇ ಮಾಡಿದೆವು. ಕುಳಿಯನ್ನು ಮುಚ್ಚಿಟ್ಟಿದ್ದೆ. ಕುಳಿ ಕಂಡರೆ ಕಣ್ಣು ಅಲ್ಲಿಗೇ ಹೋಗುತ್ತದೆ, ಕೈ ಅಳತೆ ಕಲಿಯುವುದಿಲ್ಲ.

ಕುಳಿಗೆ ಬೀಳುವ ವೇಗದ ಲೆಕ್ಕ ಇನ್ನೂ ಸೊಗಸು. ಚೆಂಡಿನ ಅಗಲ ಸುಮಾರು 43 ಮಿಲಿಮೀಟರ್. ಕುಳಿಯ ಮೇಲೆ ಬಂದ ಚೆಂಡು ಎದುರಿನ ಅಂಚು ಮುಟ್ಟುವಷ್ಟರಲ್ಲಿ ತನ್ನ ಅರ್ಧದಷ್ಟಾದರೂ ಕೆಳಗಿಳಿದಿರಬೇಕು. ಅಷ್ಟು ಇಳಿಯಲು ಗುರುತ್ವಕ್ಕೆ ಬೇಕಾದ ಕಾಲ ಸೆಕೆಂಡಿನ ಹದಿನೈದನೇ ಒಂದು ಭಾಗ. ಭಾಗಿಸಿ ನೋಡಿ, ನಟ್ಟನಡುವೆ ಬಂದ ಚೆಂಡಿಗೂ ಸೆಕೆಂಡಿಗೆ 1.3 ಮೀಟರಿನ ಆಸುಪಾಸು ವೇಗ ಮಿತಿ. ನಾವು ಸುಮ್ಮನೆ ನಡೆಯುವ ವೇಗ ಅದು. ಅಂಚಿನ ಕಡೆ ಬಂದರೆ ಮಿತಿ ಇನ್ನೂ ಕಡಿಮೆ. ಅಂದರೆ ಮೆಲ್ಲಗೆ ಬಂದ ಚೆಂಡಿಗೆ ಕುಳಿ ದೊಡ್ಡದು, ಓಡಿ ಬಂದ ಚೆಂಡಿಗೆ ಅದೇ ಕುಳಿ ಚಿಕ್ಕದು. ಇಳಿಜಾರಿನ ಮಾತೂ ಹೀಗೆಯೇ. ವೇಗ ಕುಗ್ಗಿದಂತೆಲ್ಲ ಚೆಂಡು ಹೆಚ್ಚು ಬಾಗುತ್ತದೆ. ಆದ್ದರಿಂದ ಕೊನೆಯ ನಾಲ್ಕಡಿಯ ಇಳಿಜಾರನ್ನೇ ಮೊದಲು ನೋಡಬೇಕು. ನೋಡುವುದು ಹೇಗೆ? ನಮ್ಮ ಹುಡುಗ ಒಂದು ಚೊಂಬು ನೀರು ಸುರಿದು ತೋರಿಸಿದ. ಕ್ಲಬ್ಬಿನಲ್ಲಿ ನೀರು ಸುರಿಯಲು ಬಿಡುವುದಿಲ್ಲ, ಅಲ್ಲಿ ಮನಸ್ಸಿನಲ್ಲೇ ಸುರಿಯಬೇಕಂತೆ.

ಚೆಂಡು ಗ್ರೀನಿನ ಹೊರಗೆ ಒರಟು ಹುಲ್ಲಿನಲ್ಲಿದ್ದರೆ ವೆಜ್ ಬೇಕು. ಹೊಸಬರು ಚೆಂಡನ್ನು ಮೇಲಕ್ಕೆ ಎತ್ತಲು ಹೋಗಿ ಅದರ ನೆತ್ತಿಗೆ ಬಡಿಯುತ್ತಾರೆ. ಎತ್ತುವುದು ಕೋಲಿನ ಓರೆಯ ಕೆಲಸ, ನಮ್ಮದಲ್ಲ. ಬಲಗೈಯವರು ಮೈಭಾರ ಎಡಗಾಲಿನ ಮೇಲಿಟ್ಟು, ಚೆಂಡನ್ನು ಬಲಗಾಲಿನ ಕಡೆಗೆ ತುಸು ಸರಿಸಿಕೊಂಡು, ಕೈಗಳು ಚೆಂಡಿಗಿಂತ ಮುಂದಿರುವಂತೆ ಕೆಳಮುಖವಾಗಿ ತಟ್ಟಬೇಕು. ಗುರಿ ಕುಳಿಯಲ್ಲ, ಚೆಂಡು ಮೊದಲು ನೆಲ ಮುಟ್ಟಬೇಕಾದ ಜಾಗ. ಅಲ್ಲೊಂದು ಗೋಣಿಚೀಲ ಹಾಸಿ ಅಭ್ಯಾಸ ಮಾಡಿದೆವು. ನಡುವೆ ಒರಟು ಇಲ್ಲದಿದ್ದರೆ ಹಾರಿಸುವುದೇ ಬೇಡ, ಪಟ್ಟರಿನಿಂದ ಉರುಳಿಸಿಬಿಡಿ. ಉರುಳುವ ಚೆಂಡು ಹಾರುವ ಚೆಂಡಿನಷ್ಟು ದಾರಿ ತಪ್ಪುವುದಿಲ್ಲ. ಮರಳಿನ ಗುಂಡಿಗೆ ಬಿದ್ದರೆ ಮಾತ್ರ ಲೆಕ್ಕ ತಲೆಕೆಳಗು. ಅಲ್ಲಿ ಚೆಂಡಿಗೆ ಹೊಡೆಯುವುದೇ ಇಲ್ಲ. ಎರಡಂಗುಲ ಹಿಂದಿನ ಮರಳಿಗೆ ಹೊಡೆಯಬೇಕು, ಮರಳು ಚೆಂಡನ್ನು ಹೊತ್ತು ತರುತ್ತದೆ. ಕೋಲು ಮರಳಿನಲ್ಲಿ ಹೂತುಹೋಗದಂತೆ ಅದರ ಅಡಿಯನ್ನು ದಪ್ಪ ಮಾಡಿದ ಖ್ಯಾತಿ 1930ರ ದಶಕದ ಜೀನ್ ಸಾರಾಜೆನ್ ಎಂಬ ಆಟಗಾರನದು. ಹಳ್ಳದ ಮರಳಿನಲ್ಲಿ ಇದನ್ನು ಕಲಿಯುವಾಗ ಮಕ್ಕಳ ಬಾಯಿಗೆ ಹೋದ ಮರಳು ಅವರ ತಾಯಂದಿರಿಗೇ ಗೊತ್ತು.

ಬಲ ಕಡಿಮೆಯಿದ್ದವರು ಈ ಆಟದಲ್ಲಿ ಎಷ್ಟು ದೂರ ಹೋಗಬಹುದೆಂಬುದಕ್ಕೆ ಬೆಂಗಳೂರಿನ ಅದಿತಿ ಅಶೋಕ್ ಇದ್ದಾರೆ. ಕೋವಿಡ್‌ನಿಂದಾಗಿ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿ ಅವರು ಎದುರಾಳಿಗಳಷ್ಟು ಉದ್ದ ಹೊಡೆಯುತ್ತಿರಲಿಲ್ಲ. ಪಟ್ಟರನ್ನೇ ನಂಬಿ ನಾಲ್ಕು ದಿನ ಆಡಿ, 269 ಹೊಡೆತಗಳಲ್ಲಿ ಮುಗಿಸಿ ನಾಲ್ಕನೆಯವರಾದರು. ಪದಕಕ್ಕೆ ಕಡಿಮೆಯಾದದ್ದು ಒಂದೇ ಹೊಡೆತ. ಅವರ ಬ್ಯಾಗು ಹೊತ್ತಿದ್ದು ಅವರ ತಾಯಿ!

ನಮ್ಮ ಕಣದಲ್ಲೂ ಎಲ್ಲರನ್ನೂ ಸೋಲಿಸಿದ್ದು ಒಂಬತ್ತನೇ ತರಗತಿಯ ಒಬ್ಬಳು ಸಣಕಲು ಹುಡುಗಿ. ಅವಳ ತಂದೆ ಒಂದು ಸಂಜೆ ಬೇಲಿಯಾಚೆ ನಿಂತು ನೋಡಿ, “ನಮ್ ಕೂಸು ಇದ ಕಲ್ತು ಏನ್ ಮಾಡಾದು ಮೇಷ್ಟ್ರೇ?” ಎಂದರು. ನ್ಯಾಯವಾದ ಪ್ರಶ್ನೆ. ಬೆಂಗಳೂರಿನಲ್ಲಿ ಕ್ಯಾಡಿಯಾಗಿದ್ದ ಚಿನ್ನಸ್ವಾಮಿ ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದ ಕಥೆ ಹೇಳಬಹುದಿತ್ತು. ಹೇಳಿದೆ ಕೂಡ. ಆದರೆ ಒಬ್ಬ ಮುನಿಯಪ್ಪನ ಹಿಂದೆ ಬ್ಯಾಗು ಹೊತ್ತೇ ಮುಪ್ಪಾದವರಿದ್ದಾರೆ ಎಂಬುದನ್ನೂ ಹೇಳಿದೆ. ನಮ್ಮೂರಿನಿಂದ ಗಾಲ್ಫ್ ಮೈದಾನ ದೂರ, ಒಳಗೆ ಹೋಗಲು ಬೇಕಾದ ಹಣ ಇನ್ನೂ ದೂರ. ಅವಳು ಕಲಿತದ್ದು ಆ ಸಮೀಕರಣ. ಅದನ್ನು ಈಗ ಯಾವಾಗ ಕೇಳಿದರೂ ಹೇಳುತ್ತಾಳೆ, ಯಾಕೆಂದೂ ಹೇಳುತ್ತಾಳೆ. ಅವರು ಏನೂ ಅನ್ನಲಿಲ್ಲ. ಕೋಲು ಇಸಿದುಕೊಂಡು ಒಂದು ಚೆಂಡು ತಳ್ಳಿ ನೋಡಿದರು. ಬೇಲಿಗೆ ಹೋಯಿತು.

ಚೆಂಡು ತಂದ ಹುಡುಗನೂ ಬಿದಿರಿನ ಪಟ್ಟಿಯ ಲೆಕ್ಕವನ್ನು ಗಮನವಿಟ್ಟು ನೋಡುತ್ತಿದ್ದ. ದಿನಾ ಕಣ್ಣಳತೆಯಲ್ಲಿ ಮಾಡುತ್ತಿದ್ದುದು ಕಾಗದದ ಮೇಲೆ ಇಷ್ಟೇ ಎಂದು ಗೊತ್ತಾದ ಮೇಲೆ ಅವನಿಗೆ ಗಣಿತದ ಭಯ ಅರ್ಧ ಹೋಗಿದೆ. ಈ ಸಲ ಉಳಿದ ಆ ಒಂದು ವಿಷಯಕ್ಕೆ ಶುಲ್ಕ ಕಟ್ಟಿದ್ದಾನೆ. ಬ್ಯಾಗು ಹೊರದ ದಿನ ಅವನಿಗೆ ಕೂಲಿಯಿಲ್ಲ. ಪರೀಕ್ಷೆ ಸೋಮವಾರ ಬಿದ್ದರೆ ಒಳ್ಳೆಯದು, ಅಂದು ಹುಲ್ಲಿನ ಕೆಲಸಕ್ಕಾಗಿ ಅವರ ಕ್ಲಬ್ಬಿಗೆ ರಜೆ. ವೇಳಾಪಟ್ಟಿ ಇನ್ನೂ ಬಂದಿಲ್ಲ.